ಸೊನ್ನೆಗಳ ಪರ ವಕಾಲತ್ತು

ನನ್ನಂತಹ ಸಂಖ್ಯಾಶಾಸ್ತ್ರದ ಮೇಷ್ಟರಿಗೆ ಒಂದು ಕೆಟ್ಟ ಚಟವಿರುತ್ತದೆ. ಲೆಕ್ಕ ತಪ್ಪು ಎಂದರೆ ಸಹಿಸಿಕೊಂಡೇವು. ಲೆಕ್ಕ ಬರೆದವರೇ ಸುಳ್ಳರು ಎಂದರೆ ಊಟ ಸೇರುವುದಿಲ್ಲ. ಶಿವಬಸವ ನಗರದ ನಮ್ಮ ಮನೆಯಲ್ಲಿ ನಾನು ಅರ್ಧ ರೊಟ್ಟಿಗೇ ಏಳುವುದನ್ನು ನೋಡಿ ಹೆಂಡತಿ ಗಿರಿಜಾ ತನ್ನ ಪಲ್ಯದ ಮೇಲೇ ಅನುಮಾನಪಟ್ಟಳು. ಪಲ್ಯದ್ದೇನೂ ತಪ್ಪಿರಲಿಲ್ಲ. ನನ್ನ ತಲೆ ಕೆಡಿಸಿದ್ದು ಖಾನಾಪುರದ ಸೊನ್ನೆಗಳು.

ಖಾನಾಪುರದಲ್ಲಿ ಆಶಾ ಕಾರ್ಯಕರ್ತೆಯಾಗಿರುವ ಶೋಭಾ ನನ್ನ ಹಳೆಯ ವಿದ್ಯಾರ್ಥಿನಿ. ಮನೆ ಮನೆ ಹೊಕ್ಕು, ನೀರು ತುಂಬಿಟ್ಟ ಡ್ರಮ್ಮು ಕೊಡಗಳಲ್ಲಿ ಬ್ಯಾಟರಿ ಬಿಟ್ಟು ನೋಡಿ, ಇದ್ದಷ್ಟರಲ್ಲಿ ಎಷ್ಟರೊಳಗೆ ಸೊಳ್ಳೆಮರಿ ಇವೆ ಎಂದು ಬರೆಯುವುದು ಅವಳ ಕೆಲಸ. ಅವಳ ಹಾಳೆಗಳ ತುಂಬ ಸೊನ್ನೆ. ಮನೆಯಲ್ಲೇ ಕೂತು ತುಂಬಿದ್ದೀಯ, ಮುಂದಿನ ತಿಂಗಳಿಂದ ಬರಬೇಡ ಎಂದು ಮೇಲಿನವರು ಹೇಳಿದ್ದರಂತೆ.

"ಒಂದ ಮನಿ ಸೈತ ಬಿಟ್ಟಿಲ್ರಿ ಸರ್. ಕಂಡಿದ್ದ ಬರದೇನ್ರಿ," ಎಂದು ಕಣ್ಣೊರೆಸಿಕೊಂಡಳು.

"ನೀ ಬರದದ್ದು ಖರೇ ಅಂತ ನಾ ತೋರಸ್ತೀನಿ, ಅಳಬ್ಯಾಡ," ಎಂದು ಮಾತು ಕೊಟ್ಟುಬಿಟ್ಟೆ. ಮಾತು ಕೊಡುವಾಗ ನನಗೆ ಹಿಂದೆಮುಂದೆ ಕಾಣುವುದಿಲ್ಲ.

ಇಷ್ಟು ಮನೆಗಳಲ್ಲಿ ಎಷ್ಟು ಸೊನ್ನೆ ಬರಬಹುದು ಎಂದು ನೋಡಲು ಮೊದಲು ಬೈನಾಮಿಯಲ್ ಹಚ್ಚಿದೆ. ಎಲ್ಲ ಮನೆಗಳ ಕೊಡಕ್ಕೂ ಸೊಳ್ಳೆ ಕೂಡುವ ಸಂಭವ ಒಂದೇ ಎಂದು ನಂಬುವ ಮುಗ್ಧ ಸೂತ್ರ ಅದು. ನಮ್ಮ ಓಣಿಯಲ್ಲೇ ವಾರಕ್ಕೊಮ್ಮೆ ಡ್ರಮ್ಮು ತಿಕ್ಕುವವರಿದ್ದಾರೆ, ದೀಪಾವಳಿಯ ನೀರು ತುಂಬುವ ಹಬ್ಬಕ್ಕಷ್ಟೇ ತಿಕ್ಕುವವರೂ ಇದ್ದಾರೆ. ಬೀಟಾ ಬೈನಾಮಿಯಲ್ ಈ ಭೇದವನ್ನು ಒಪ್ಪುತ್ತದೆ, ಮನೆಗೊಂದು ಸ್ವಭಾವ ಎನ್ನುತ್ತದೆ. ಅದನ್ನು ಹಚ್ಚಿದರೂ ಸೂತ್ರ ಹೇಳಿದ್ದಕ್ಕಿಂತ ಹೆಚ್ಚು ಸೊನ್ನೆಗಳು ಮಿಕ್ಕವು. ಹಾಗಾದರೆ ಸೊನ್ನೆಯಲ್ಲೇ ಎರಡು ಬಗೆ ಇರಬೇಕು: ನಿಜಕ್ಕೂ ಸ್ವಚ್ಛವಿರುವ ಮನೆಯದು, ಏನೇ ಇದ್ದರೂ ಸೊನ್ನೆಯನ್ನೇ ಬರೆಸುವ ಮನೆಯದು. ಈ ಎರಡನೆಯ ಮನೆ ಯಾವುದು, ಯಾಕೆ ಎಂದು ಹದಿನೈದು ದಿನ ಕಂಪ್ಯೂಟರಿನ ಮುಂದೆ ಕೂತೆ.

"ಆ ಡಬ್ಬಿಗೇನ್ ಗೊತ್ತೈತ್ರಿ? ಹೋಗಿ ಮಂದೀನ ಕೇಳ್ರಿ," ಎಂದಳು ಗಿರಿಜಾ.

ಭಾನುವಾರ ಪ್ಯಾಸೆಂಜರ್ ಹತ್ತಿದೆ. ದೇಸೂರಿನಲ್ಲಿ ರೈಲು ನಿಂತಾಗಲೂ ನಾನು ಸೂತ್ರ ಗೀಚುತ್ತಿದ್ದುದನ್ನು ಕಂಡು ಪಕ್ಕದವರು ಜ್ಯೋತಿಷಿ ಎಂದುಕೊಂಡು ಮಗಳ ಮದುವೆ ಯಾವಾಗ ಎಂದು ಕೇಳಿದರು. ಒಳ್ಳೆಯ ಸಂಭವ ಇದೆ ಎಂದೆ. ಅದಕ್ಕಿಂತ ಹೆಚ್ಚು ನಮ್ಮ ಶಾಸ್ತ್ರವೂ ಹೇಳುವುದಿಲ್ಲ.

ಖಾನಾಪುರದಲ್ಲಿ ಶೋಭಾಳ ಜೊತೆ ಮನೆ ಮನೆ ತಿರುಗಿದೆ. ಒಂದು ಮನೆಯ ಅಜ್ಜಿ ಫಳಫಳ ಹೊಳೆಯುವ ಆರು ಕೊಡ ತೋರಿಸಿದಳು. ಶೋಭಾ ಸೊನ್ನೆ ಬರೆದಳು. ಅಜ್ಜಿ ಚಹಾಕ್ಕೆಂದು ಒಳಗೆ ಹೋದಾಗ ನಾನು ಮರ್ಯಾದೆ ಬಿಟ್ಟು ಹಿಂದೆಯೇ ಇಣುಕಿದೆ. ಕೌದಿ ಹೊದ್ದುಕೊಂಡು ಎರಡು ಡ್ರಮ್ಮು ನಿಂತಿದ್ದವು. ಅಜ್ಜಿ ಗಲಿಬಿಲಿಗೊಳ್ಳಲಿಲ್ಲ.

"ಹುಳ ಕಂಡ್ರ ಡ್ರಮ್ ಬಗ್ಗಸ್ರಿ ಅಂತಾರಪಾ. ನಳ ಬಂದು ಆರ್ ದಿನ ಆತು. ನೀರ್ ಚೆಲ್ಲಿ ಕುಂತ್ರ ನಾಳಿಗೆ ಅನ್ನಕ್ಕ ಏನ್ ಇಡ್ಲಿ?"

ನಾನು ಅಲ್ಲೇ ಕೂತು ಚಹಾ ಕುಡಿದೆ. ಹದಿನೈದು ದಿನದಲ್ಲಿ ಮೊದಲ ಸಲ ಬಾಯಿಗೆ ರುಚಿ ಹತ್ತಿತು. ಆಮೇಲೆ ನಳದ ದಿನಗಳನ್ನು ಸೇರಿಸಿ ಲೆಕ್ಕ ಹಾಕಿದೆ. ನೀರು ಬಂದು ದಿನ ಕಳೆದಷ್ಟೂ ಸೊನ್ನೆ ಏರುತ್ತಿತ್ತು, ನೀರು ಬಂದ ಮರುದಿನ ಇಳಿಯುತ್ತಿತ್ತು. ಮನೆಯಲ್ಲಿ ಕೂತು ತುಂಬುವವಳ ಸೊನ್ನೆ ನಳ ನೋಡಿಕೊಂಡು ಏರಿಳಿಯುವುದಿಲ್ಲ, ಇವಳು ತೋರಿಸಿದ್ದನ್ನು ನೋಡಿ ಬರೆದಿದ್ದಾಳೆ ಎಂದು ಅಧಿಕಾರಿಯ ಮೇಜಿನ ಮೇಲೆ ಹಾಳೆ ಇಟ್ಟೆ. ಅವರು ಎರಡು ಸಲ ಓದಿದರು. ಶೋಭಾಳ ಕೆಲಸ ಉಳಿಯಿತು. ಸಮೀಕ್ಷೆಯ ಹಾಳೆಗೆ ನನ್ನ ಸಲಹೆಯಂತೆ ಹೊಸ ಪ್ರಶ್ನೆಯೂ ಸೇರಿತು. ನಾನು ಎಂಟು ದಿನ ಎದೆ ಸೆಟೆಸಿಕೊಂಡು ಓಡಾಡಿದೆ.

ಕಳೆದ ತಿಂಗಳು ಆ ಹಾಳೆ ಹಿಡಿದು ಒಬ್ಬ ಹುಡುಗಿ ನಮ್ಮ ಮನೆಗೇ ಬಂದಳು. ಗಿರಿಜಾ ನನ್ನ ಮುಖ ನೋಡಿ ಅಡುಗೆಮನೆ ಸೇರಿದಳು. ನಾನು ಕೊಡಗಳನ್ನೆಲ್ಲ ತೋರಿಸಿದೆ.

"ಹಿತ್ತಲದಾಗ ಏನರ ಅದಾವೇನ್ರಿ?"

"ಏನಿಲ್ಲವಾ."

"ನಳ ಬಂದು ಎಷ್ಟ ದಿನ ಆತ್ರಿ ಸರ್?" ನಾನೇ ಸೇರಿಸಿದ ಪ್ರಶ್ನೆ.

ಬಂದು ಒಂಬತ್ತು ದಿನವಾಗಿತ್ತು. ನಾನು ಹಿತ್ತಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ನಿನ್ನೇನ ಬಂದೈತಿ," ಎಂದೆ. ಅವಳು ದುಂಡಗೆ ಸೊನ್ನೆ ಬರೆದು, ಕೆಳಗೆ ನನ್ನ ಸಹಿ ಹಾಕಿಸಿಕೊಂಡು ಹೋದಳು.