ಟೇಪು ಹಿಡಿಯುವ ಮೊದಲು

ನಾನು ಓದು ಬಿಟ್ಟದ್ದು ೧೯೮೭ರಲ್ಲಿ, ಏಳನೇ ಕ್ಲಾಸಿನಲ್ಲಿ. ದಸರಾ ರಜೆ ಮುಗಿಯಿತು, ನಾನು ಮತ್ತೆ ಹೋಗಲಿಲ್ಲ, ಅಷ್ಟೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಕೊಪ್ಪದ ಟೈಲರ್ ಅಂಗಡಿಯೊಂದರಲ್ಲಿ ಕಾಜ ಹಾಕಿ, ಗುಂಡಿ ಹೊಲಿದು, ಐದು ವರ್ಷ ಬೈಸಿಕೊಂಡು ಕೆಲಸ ಕಲಿತು ಮುತ್ತಿನಕೊಪ್ಪದಲ್ಲಿ ಸ್ವಂತ ಅಂಗಡಿ ಇಟ್ಟವನು ನಾನು. ಓದಿದವರ ಪ್ಯಾಂಟು ಸೊಂಟದಲ್ಲಿ ನಿಲ್ಲುವುದೂ ನನ್ನ ಕೈಗುಣದಿಂದಲೇ.

ಅದರಲ್ಲೂ ಸ್ಕೂಲು ಮಕ್ಕಳ ಯೂನಿಫಾರಂ ಅಳತೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಹೆಗಲು, ತೋಳು, ಎದೆ, ಉದ್ದ: ಒಂದು ಮಗುವಿಗೆ ಅರ್ಧ ನಿಮಿಷ. ಎಂಥ ತುಂಟ ಮಗುವಾದರೂ ನನ್ನ ಟೇಪು ತಾಗಿದ ಕೂಡಲೇ ಕಂಬದ ಹಾಗೆ ನಿಂತುಬಿಡುತ್ತಿತ್ತು. "ನನ್ನ ಕೈಗೆ ಮಕ್ಕಳು ಹೇಗೆ ಬಗ್ತಾವೆ ನೋಡು" ಎಂದು ಹೆಂಡತಿ ಜಯಂತಿಗೆ ಎಷ್ಟು ಸಲ ಹೇಳಿದ್ದೇನೋ. ಅವಳು ಒಮ್ಮೆಯೂ ಹೌದು ಅಂದವಳಲ್ಲ. ಹೊಟ್ಟೆಕಿಚ್ಚು ಅಂದುಕೊಂಡಿದ್ದೆ.

ಈ ಜೂನ್‌ನಲ್ಲಿ ಏಳನೇ ಕ್ಲಾಸಿನ ಸಿಂಚನಾ ಅಳತೆ ಕೊಡಲು ಬಂದಳು. ನಾನು ಟೇಪು ಚಾಚಿದೆ. ಅವಳು ಹಿಂದೆ ಸರಿದಳು.

"ಮಾಮ, ಮೊದಲು ಕೇಳಿ."

"ಎಂತ ಕೇಳೂದು ಮಾರಾಯ್ತಿ? ನಿನ್ನ ಅಪ್ಪನ ಮದುವೆ ಅಂಗಿನೂ ನಾನೇ ಹೊಲಿದದ್ದು!"

"ಅಪ್ಪಂದು ಅಪ್ಪಂಗೆ. ಯಾರೇ ಆದ್ರೂ ಮುಟ್ಟೋ ಮೊದಲು ಕೇಳ್ಬೇಕು, ಬೇಡ ಅಂದ್ರೆ ಬೇಡ ಅಂತ ಟೀಚರ್ ಹೇಳಿದಾರೆ."

ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ಕೇಳಲು ನನಗೆ ನಾಲಿಗೆ ಹೊರಳಲಿಲ್ಲ. "ನಾಳೆ ಬಾ" ಅಂದೆ. ಟೈಲರುಗಳಿಗೆ ಈ ಎರಡು ಮಾತು ಯಾರೂ ಕಲಿಸಬೇಕಿಲ್ಲ.

ಸಂಜೆಯೊಳಗೆ ಸುದ್ದಿ ಊರೆಲ್ಲ ತಿರುಗಿ, ಸ್ಕೂಲ್ ಸಮಿತಿಯ ಅಧ್ಯಕ್ಷ ತಿಮ್ಮಪ್ಪ ಹೊಸ ಅಂಗಿಯ ಬಟ್ಟೆ ಹಿಡಿದುಕೊಂಡು ಬಂದರು. ಅವರ ಅಳತೆ ತೆಗೆಯುತ್ತಿದ್ದ ಹಾಗೆಯೇ ಅವರ ಮಾತು ಶುರುವಾಯಿತು. "ನಿಮ್ಮಂಥ ಮರ್ಯಾದಸ್ಥರ ಮೇಲೇ ಅನುಮಾನವಾ ಮಾರಾಯ್ರೆ? ಗೆಳೆತನ ಹೇಗಿರ್ಬೇಕು, ಬೇಡ ಅಂತ ಹೇಗೆ ಹೇಳ್ಬೇಕು ಅಂತೆಲ್ಲ ಸ್ಕೂಲಲ್ಲಿ ಕಲಿಸೂದಾ? ಶನಿವಾರ ಪೋಷಕರ ಸಭೆ. ನೀವು ಎದ್ದು ಹೇಳಿ, ಈ ಪಾಠ ನಿಲ್ಸೇಬಿಡಣ." ಆಗಲಿ ಅಂದೆ.

ಮನೆಯಲ್ಲಿ ಜಯಂತಿ ಎಲ್ಲ ಕೇಳಿ, "ಮಕ್ಕಳು ನಿಮ್ಮ ಕೈಗೆ ಬಗ್ತಿರ್ಲಿಲ್ಲ, ಗಟ್ಟಿ ಆಗ್ತಿದ್ವು" ಅಂದಳು. "ಆ ವಯಸ್ಸಲ್ಲಿ ನಾನೂ ಟೈಲರ್ ಮುಂದೆ ಉಸಿರು ಬಿಗಿಹಿಡ್ದು ನಿಲ್ತಿದ್ದೆ, ಒಮ್ಮೆ ಮುಗೀಲಿ ಅಂತ. ಬೇಡ ಅನ್ಬೋದು ಅಂತ ಯಾರೂ ಹೇಳಿರ್ಲಿಲ್ಲ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ರಾ?"

ಪ್ರತಿ ಜುಲೈಯಲ್ಲಿ ಹತ್ತಾರು ಅಂಗಿಗಳು ಎದೆ ಬಿಗಿ ಎಂದು ವಾಪಸ್ ಬರುತ್ತಿದ್ದದ್ದು ನೆನಪಾಯಿತು. ಬಟ್ಟೆ ನೀರಿಗೆ ಕುಗ್ಗಿದೆ ಎಂದು ಸಾಗಹಾಕುತ್ತಿದ್ದೆ. ಟೇಪಿನೊಳಗೆ ಮಕ್ಕಳೇ ಕುಗ್ಗಿ ನಿಂತಿದ್ದರೆ ಅಳತೆ ಸರಿ ಬರುವುದು ಹೇಗೆ?

ಶನಿವಾರ ಸಭೆಯಲ್ಲಿ ಎದ್ದು ನಿಂತೆ. "ನನಗೆ ಅವಮಾನ ಆದದ್ದು ನಿಜ. ಆದ್ರೆ ಪಾಠ ನಿಲ್ಸೂದು ಬೇಡ."

ತಿಮ್ಮಪ್ಪ ಬೆಚ್ಚಿದರು. "ಕೂತ್ಕೊಳ್ಳಿ ಮಾರಾಯ್ರೆ, ಏಳನೇ ಕ್ಲಾಸೂ ಮುಗ್ಸಿದವರಲ್ಲ ನೀವು!"

"ಅದಕ್ಕೇ ಹೇಳ್ತಿರೂದು. ಪಾಠ ತಪ್ಪಿದ್ರೆ ಏನಾಗ್ತದೆ ಅಂತ ಇಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇದನ್ನ ನಿಲ್ಸಿದ್ರೆ ಈ ಸ್ಕೂಲಿನ ಒಂದು ಗುಂಡಿನೂ ನಾನು ಹೊಲಿಯೂದಿಲ್ಲ."

ಪಾಠ ಇರಲಿ ಎಂದು ಮೊದಲು ತಾಯಂದಿರು ಕೈ ಎತ್ತಿದರು, ಆಮೇಲೆ ಅವರನ್ನು ನೋಡಿ ಗಂಡಂದಿರು. ಪಾಠ ಉಳಿಯಿತು. ಹೊರಗೆ ಟೀಚರ್ ನಗುತ್ತ, "ಬಲವಂತ ಬೇಡ ಅನ್ನೋ ಪಾಠಾನ ಬಲವಂತದಿಂದ್ಲೇ ಉಳಿಸಿದ್ರಿ" ಅಂದರು. ಅದು ನನಗೆ ಹೊಳೆದೇ ಇರಲಿಲ್ಲ.

ಸೋಮವಾರ ಸಿಂಚನಾ ಬಂದಳು. ನಾನು ಟೇಪು ಕೊರಳಲ್ಲೇ ಬಿಟ್ಟು, ಗಂಟಲು ಸರಿಮಾಡಿಕೊಂಡು ಕೇಳಿದೆ: "ಅಳತೆ ತೆಗೀಲಾ ಪುಟ್ಟಿ?"

"ಬೇಡ ಮಾಮ" ಅಂದು ಚೀಲದಿಂದ ಹಳೆ ಯೂನಿಫಾರಂ ತೆಗೆದಿಟ್ಟಳು. "ಇದಕ್ಕಿಂತ ಎರಡು ಇಂಚು ದೊಡ್ಡದು ಹೊಲೀರಿ, ಸಾಕು."

ಊರೆದುರು ಅಷ್ಟು ಭಾಷಣ ಮಾಡಿ ಬಂದವನಿಗೆ! ಅಂಗಡಿಗೆ ಬಂದಿದ್ದ ಜಯಂತಿ ಮೆಷಿನ್ ಹಿಂದೆ ಮುಖ ಮರೆಸಿಕೊಂಡು ನಕ್ಕಳು. ನಾನು ಬಾಯಿ ಮುಚ್ಚಿಕೊಂಡು ಎರಡು ಇಂಚು ದೊಡ್ಡದು ಹೊಲಿದೆ. ಸರಿಯಾಗಿ ಕೂತಿತು. ಉಳಿದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳಿಯೇ ಅಳತೆ ತೆಗೆದೆ. ಅರ್ಧ ನಿಮಿಷದ ಕೆಲಸ ಮೂರು ನಿಮಿಷಕ್ಕೆ ಹೋಯಿತು. ಹೋಗಲಿ.

ಈಗ ನನ್ನ ಹತ್ತಿರ ಇರುವುದು ಎರಡು ಹೊಲಿಗೆ ಮೆಷಿನ್ನು, ಒಂದು ಓವರ್‌ಲಾಕ್, ಮೂರು ಕತ್ತರಿ, ನಾಲ್ಕು ಟೇಪು, ಎದೆ ಬಿಗಿ ಎಂದು ಈ ವರ್ಷ ವಾಪಸ್ ಬಂದ ಒಂದೇ ಒಂದು ಅಂಗಿ. ಅದು ತಿಮ್ಮಪ್ಪನವರದು. ಅವರನ್ನು ನಾನು ಕೇಳಿರಲಿಲ್ಲ.