ಗಗನಯಾತ್ರಿಗಳು ಸಂತೋಷ ವ್ಯಕ್ತಪಡಿಸಿದರು

ನಾನು ನಿಂತಿದ್ದದ್ದು ಶಹಾಪುರದ ಹತ್ತಿರ, ನಮ್ಮ ಕಾಲುವೆ ಕ್ಯಾಂಪಿನ ಶಾಮಿಯಾನದ ಎಡಗಡೆ, ಎರಡನೆಯ ಕಂಬಕ್ಕೂ ಕುಡಿಯುವ ನೀರಿನ ಡ್ರಮ್ಮಿಗೂ ನಡುವೆ. ವೇದಿಕೆಗೆ ಹದಿನಾಲ್ಕು ಹೆಜ್ಜೆ. ಆಮೇಲೆ ನಡೆದು ನೋಡಿದ್ದೇನೆ. ಸಮಯ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಇಷ್ಟು ಕರಾರುವಾಕ್ಕಾದ ಮನುಷ್ಯ ಸಾಕ್ಷಿಗೆ ಸಿಕ್ಕರೆ ಯಾರ ಪುಣ್ಯವೋ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು.

ಕಾಲುವೆಗೆ ನೀರು ಬಿಟ್ಟ ಹೊಸತು; ನಾನು ಕ್ಯಾಂಪಿನ ರೈಟರ್, ಅಂದರೆ ಗುಮಾಸ್ತ. ದೂರದ ದೇಶವೊಂದರ ಸಂಸತ್ತು ಚಂದ್ರನಿಗೆ ಹೋಗಿ ಬಂದ ಮೂವರಿಗೆ ಚಿನ್ನದ ಪದಕ ಕೊಡಲು ಠರಾವು ಪಾಸು ಮಾಡಿದೆಯೆಂದು ಪೇಪರಿನಲ್ಲಿ ಬಂತು. ನಮ್ಮ ಎಂಜಿನಿಯರ್ ಸಾಹೇಬರು ನಾವೂ ಅವರನ್ನು ಸನ್ಮಾನಿಸಬೇಕೆಂದರು. ಮುಖಂಡರೊಬ್ಬರು ಕ್ಯಾಂಪಿಗೆ ಬರುವವರಿದ್ದರು, ಅವರಿಗೊಂದು ಸಮಾರಂಭ ಬೇಕಿತ್ತು. ತುದಿಯ ಹಳ್ಳಿಗಳಿಗೆ ಇನ್ನೂ ನೀರು ಮುಟ್ಟಿರಲಿಲ್ಲವಾದ್ದರಿಂದ ಕಾಲುವೆಯ ಹೆಸರಿನಲ್ಲಿ ಸಮಾರಂಭ ಮಾಡಿದರೆ ಜನ ಪ್ರಶ್ನೆ ಕೇಳುತ್ತಿದ್ದರು. ಚಂದ್ರನ ಬಗ್ಗೆ ಯಾರೂ ಕೇಳುವುದಿಲ್ಲ.

ಸನ್ಮಾನಿತರು ಬಾರದಿದ್ದರೆ ಅವರ ಪರವಾಗಿ ಯಾರಾದರೊಬ್ಬರು ಶಾಲು ಹೊದಿಸಿಕೊಳ್ಳುವುದು ನಮ್ಮಲ್ಲಿ ರೂಢಿ. "ನಮ್ಮಾಗ ಎಲ್ಲಾರಕಿಂತ ಮ್ಯಾಲ ಹತ್ತಿದವ ಯಾರು?" ಎಂದು ಸಾಹೇಬರು ಕೇಳಿದರು.

"ಸಾಬಣ್ಣ ಅದಾನಲ್ರಿ," ಎಂದ ಜೀಪಿನ ಡ್ರೈವರ್ ಮಹಿಬೂಬ್. "ದಿನಾ ಗೇಟ್ ಮ್ಯಾಲ ಹತ್ತಿ ಕುಂತಿರ್ತಾನ."

ಸಾಬಣ್ಣ ಕಾಲುವೆಯ ಗೇಟು ಏರಿಸಿ ಇಳಿಸುವ ದಿನಗೂಲಿಯವನು. ಏಳು ವರ್ಷ ದುಡಿದು, ಕಾಯಂ ಆಗುವ ಆದೇಶಕ್ಕಾಗಿ ಕಾಯುತ್ತಿದ್ದ. ಕರೆಸಿದಾಗ ಅವನು ಹಿಂಜರಿದ.

"ನೀರು ಏರಾಕತ್ತೈತ್ರಿ ಸಾಹೇಬ್ರ. ಗೇಟಿಗಿ ಯಾರ ಇರ್ತಾರ್ರಿ?"

"ಅರ್ಧಾ ತಾಸಿನ್ಯಾಗ ನೀರೇನು ಓಡಿ ಹೋಗ್ತೈತೇನೋ?"

"ಅದರ ಕೆಲಸಾನ ಅದಲ್ರಿ," ಎಂದ ಸಾಬಣ್ಣ. ಆದರೂ ಬಂದು ಕುಳಿತ.

ಹನ್ನೊಂದು ಹತ್ತಕ್ಕೆ, ಮೂವರ ಪರವಾಗಿ ಒಬ್ಬನಿಗೇ ಮೂರು ಶಾಲು ಹೊದಿಸಿದರು. ಸುರಪುರದಿಂದ ಮಕ್ಕಳನ್ನು ಕರೆತಂದಿದ್ದ ಶಾರದಾ ಟೀಚರು ಸ್ವಾಗತಗೀತೆ ಹಾಡಿಸಿದರು. ಮುಖಂಡರು ಬಾಹ್ಯಾಕಾಶದ ಬಗ್ಗೆ ಒಂದೂವರೆ ತಾಸು ಮಾತಾಡಿದರು. ಆ ಬಿಸಿಲಿನಲ್ಲಿ, ಮೂರು ಶಾಲಿನ ಒಳಗೆ, ಸಾಬಣ್ಣ ಬೆವರುತ್ತಾ ಗೇಟಿನ ದಿಕ್ಕಿಗೇ ನೋಡುತ್ತಿದ್ದ. ವಂದನಾರ್ಪಣೆಯ ಹೊತ್ತಿಗೆ ಕಾಲುವೆಯ ಏರಿ ಒಡೆದು ಎಂಟು ಎಕರೆ ಹತ್ತಿ ನೀರಿನಲ್ಲಿ ನಿಂತಿತು.

ಗೇಟಿನ ಬಳಿ ಇರಲಿಲ್ಲವೆಂದು ಸಾಬಣ್ಣನಿಗೆ ಮೆಮೊ ಬಂತು. ಹಿಂದೆಯೇ ವಿಚಾರಣೆಗೊಬ್ಬ ಅಧಿಕಾರಿ ಬಂದರು. ಸಾಬಣ್ಣ ನನ್ನ ಮೇಜಿನ ಎದುರು ನಿಂತು, "ನೀವು ನೋಡೀರಲ್ರಿ ರೈಟರ್ ಸಾಹೇಬ್ರ, ನೋಡಿದ್ದಷ್ಟ ಹೇಳ್ರಿ," ಎಂದ. ಹೇಳುತ್ತೇನೆಂದೆ. ವಿಚಾರಣೆಯಲ್ಲಿ ಹೇಳಿದೆ ಕೂಡ: ಅವನು ವೇದಿಕೆಯ ಮೇಲಿದ್ದ.

ಅಧಿಕಾರಿ ಸಮಾರಂಭದ ನಡಾವಳಿ ತೆರೆದು ನನ್ನ ಮುಂದೆ ಇಟ್ಟರು. "ಇದು ನಿಮ್ಮ ಅಕ್ಷರ ಹೌದಲ್ರಿ? ಓದ್ರಿ."

ಓದಿದೆ. "ವೇದಿಕೆಯ ಮೇಲೆ ಅಧ್ಯಕ್ಷರು, ಮುಖ್ಯ ಅತಿಥಿಗಳು ಹಾಗೂ ಮೂವರು ಗಗನಯಾತ್ರಿಗಳು ಉಪಸ್ಥಿತರಿದ್ದರು. ಸನ್ಮಾನ ಸ್ವೀಕರಿಸಿದ ಗಗನಯಾತ್ರಿಗಳು ಸಂತೋಷ ವ್ಯಕ್ತಪಡಿಸಿದರು."

ನಡಾವಳಿಯಲ್ಲಿ ಸನ್ಮಾನಿತರ ಹೆಸರು ಬರೆಯುತ್ತೇವೆ, ಬದಲಿಗೆ ಕುಳಿತವರದನ್ನಲ್ಲ. ಸಂತೋಷವನ್ನಂತೂ ಸಮಾರಂಭದ ಹಿಂದಿನ ದಿನವೇ ಬರೆದಿಟ್ಟಿರುತ್ತೇವೆ.

"ಗಗನಯಾತ್ರಿಗಳು ಬಂದಿದ್ರೇನ್ರಿ ಇಲ್ಲಿಗೆ?"

ಇಲ್ಲ ಎಂದರೆ ಸುಳ್ಳು ದಾಖಲೆ ಬರೆದವನು ನಾನು. ಕಿಟಕಿಯ ಹತ್ತಿರ ನಿಂತಿದ್ದ ನಮ್ಮ ಸಾಹೇಬರು ಮೆಲ್ಲಗೆ, "ದಫ್ತರದಾಗ ಇದ್ದದ್ದ ಖರೆ," ಎಂದರು. ದಾಖಲೆಯಲ್ಲಿ ಇರುವಂತೆಯೇ ನಡೆದಿದೆ ಎಂದು ಹೇಳಿ ಸಹಿ ಮಾಡಿದೆ.

ಸಾಬಣ್ಣನನ್ನು ಕೆಲಸದಿಂದ ತೆಗೆದರು. ಶಾಲುಗಳು ಗಗನಯಾತ್ರಿಗಳವೆಂದು ವಾಪಸು ಕೇಳುವ ಪತ್ರವನ್ನೂ ನನ್ನಿಂದಲೇ ಬರೆಸಿದರು. ಅವನು ಮೂರನ್ನೂ ಒಗೆದು, ಮಡಚಿ, ನನ್ನ ಮೇಜಿನ ಮೇಲಿಟ್ಟ. "ಎಣಿಸಿಕೋರಿ," ಎಂದ. ಎಣಿಸಿದೆ, ಅದು ನನ್ನ ಸ್ವಭಾವ.

ಅಂದು ಕಣ್ಣಾರೆ ಕಂಡ ದೊಡ್ಡವರಲ್ಲಿ, ನನ್ನನ್ನು ಬಿಟ್ಟರೆ, ನನಗೆ ತಿಳಿದಂತೆ ಬದುಕಿರುವವರು ಮೂವರು. ಸೈದಾಪುರದಲ್ಲಿ ಮಗಳ ಮನೆಯಲ್ಲಿರುವ ಮಹಿಬೂಬ್. ಸುರಪುರದ ಶಾರದಾ ಟೀಚರು. ಹತ್ತಿಕುಣಿಯಲ್ಲಿ ಸಾಬಣ್ಣ. ಮೊದಲಿನ ಇಬ್ಬರನ್ನು ಯಾರೂ ಕೇಳಲಿಲ್ಲ. ನನ್ನನ್ನು ಕೇಳಿದರು.