ಕಡವಿನ ಹೋಟೆಲಿನ ಕೊನೆಯ ಪಂಕ್ತಿ

ಹೋಟೆಲಿನಲ್ಲಿ ಸಪ್ಲಾಯರ್ ಆಗಿ ಬದುಕು ಸವೆಸಿದವನಿಗೆ ನಗುವ ಸಂಗತಿಗಳಿಗೆ ಬರವಿಲ್ಲ. ಹಸಿದವರು ಇರುವ ತನಕ ಅವು ಆಗುತ್ತಲೇ ಇರುತ್ತವೆ. ಆದರೆ ನಾನು ಕಂಡ ತಮಾಷೆಗಳಲ್ಲಿ ಮುಕ್ಕಾಲು ಪಾಲು ಸಾವುನೋವಿನ ಮಗ್ಗುಲಲ್ಲೇ ಆದವು. ಅದಕ್ಕೆ ನಾನು ಹೊಣೆಯಲ್ಲ, ಹೋಟೆಲು ಇದ್ದ ಜಾಗವೇ ಅಂಥದು.

ಕುಂದಾಪುರದಿಂದ ಬ್ರಹ್ಮಾವರದ ಕಡೆ ಹೋಗುವ ದಾರಿಯಲ್ಲಿ ಒಂದು ಹೊಳೆ. ಯಾವ ಹೊಳೆ ಎಂದು ಹೇಳುವುದಿಲ್ಲ, ಆಗ ನಮ್ಮ ಕಡೆಯ ಹೊಳೆಗಳ ಗತಿಯೆಲ್ಲ ಹೆಚ್ಚುಕಡಿಮೆ ಒಂದೇ. ಸೇತುವೆ ಇಲ್ಲ. ಬಸ್ಸು ದಡದಲ್ಲಿ ನಿಂತರೆ ಜನ ಇಳಿದು ದೋಣಿ ಹತ್ತಬೇಕು, ಆಚೆ ದಡದಲ್ಲಿ ಬೇರೆ ಬಸ್ಸು ಹಿಡಿಯಬೇಕು. ದೋಣಿಗೆ ಕಾಯುವ ಆ ಕಡವಿನಲ್ಲಿ ಇದ್ದದ್ದು ನಮ್ಮದೊಂದೇ ಹೋಟೆಲು. ನಾಲ್ಕು ಬೆಂಚು, ಹುಲ್ಲಿನ ಮಾಡು, ಕಟ್ಟಿಗೆ ಒಲೆ. ಧಣಿಯೂ ಅಡುಗೆಯವರೂ ಒಬ್ಬರೇ, ಭಟ್ಟರು. ಮೊದಲು ಮದುವೆ, ಮುಂಜಿ, ಸತ್ತವರ ಬೊಜ್ಜಗಳಿಗೆ ಅಡುಗೆ ಮಾಡಿಕೊಂಡು ಊರೂರು ಅಲೆದವರು. ಅಲೆದು ಸಾಕಾಗಿ ಹೊಳೆ ಬದಿಯಲ್ಲಿ ಒಲೆ ಹೂಡಿದ್ದರು. ನಾನು ಬೊಂಬಾಯಿ ಹೋಟೆಲಿಗೆ ಹೋಗಿ, ದುಡ್ಡಿನ ಬದಲು ಜ್ವರ ಕಟ್ಟಿಕೊಂಡು ವಾಪಸು ಬಂದವ. ನಮ್ಮ ಜಿಲ್ಲೆ ಮದರಾಸಿನಿಂದ ಮೈಸೂರಿಗೆ ಸೇರಿದ ಹೊಸತರಲ್ಲಿ ನಾನು ಭಟ್ಟರಲ್ಲಿ ಸೇರಿದೆ.

ಕುದಿಯುವ ಕಾಫಿ

ಕಡವಿನ ಹೋಟೆಲಿನ ವ್ಯಾಪಾರದಲ್ಲಿ ಒಂದು ಕ್ರಮ ಇತ್ತು. ದುಡ್ಡು ಮೊದಲು, ತಿಂಡಿ ಆಮೇಲೆ. ತಿಂಡಿ ಕೊಡುವುದು ಆದಷ್ಟು ತಡ, ಕಾಫಿ ಕೊಡುವುದು ಆದಷ್ಟು ಬಿಸಿ. ಗಿರಾಕಿ ಲೋಟ ಮುಟ್ಟಲಾರದೆ ಬೆರಳಿಗೆ ಗಾಳಿ ಊದುತ್ತಿರುವಾಗ ದೋಣಿಯವ ದಡದಿಂದ ಕೂಗುತ್ತಿದ್ದ:

"ಹ್ವಾಯ್! ದೋಣಿ ಬಿಟ್ಟಿತ್! ಬಪ್ಪುವರ್ ಬನಿ!"

ಜನ ಅರ್ಧ ದೋಸೆ ಬಿಟ್ಟು ಓಡುತ್ತಿದ್ದರು. ದೋಣಿಯವನಿಗೆ ಬೆಳಗಿನ ತಿಂಡಿ ನಮ್ಮಲ್ಲೇ. ಯಾವ ಹೊತ್ತಿಗೆ ಕೂಗಬೇಕು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಭಟ್ಟರ ಮುಖ ನೋಡಿದರೆ ಅವನಿಗೆ ಗೊತ್ತಾಗುತ್ತಿತ್ತು. ಉಳಿದ ಕಾಫಿ, ದೋಸೆ ಎಲ್ಲ ಹಿತ್ತಲಿನ ಎಮ್ಮೆಗೆ. ಆ ಎಮ್ಮೆಗೆ ಕಾಫಿಯ ಚಟ ಹತ್ತಿ, ಬಸ್ಸಿನ ಸದ್ದು ಕೇಳಿದರೆ ಹಗ್ಗ ಜಗ್ಗುತ್ತಿತ್ತು. ಸಂಪಾದನೆ ಮಾಡಿದ ಕಾಲವೇ ಅದು, ಸುಳ್ಳು ಯಾಕೆ ಹೇಳಲಿ.

ಇದಕ್ಕೆಲ್ಲ ಸೋಲದವರು ಒಬ್ಬರೇ, ಬಿಜೂರಿನ ಗದ್ದೆ ಬೇಸಾಯದ ಹೆಗ್ಡೆಯವರು. ಬ್ರಹ್ಮಾವರದಲ್ಲಿ ಅವರ ಮಗಳ ಮನೆ. ಮೊದಲ ಸಲ ಬಂದಾಗ ಕಾಫಿ ಬಂತು, ಕೂಗೂ ಬಂತು. ಅವರು ಗಡಿಬಿಡಿ ಮಾಡಲಿಲ್ಲ. ಹೆಗಲ ಬೈರಾಸಿನಲ್ಲಿ ಲೋಟ ಹಿಡಿದುಕೊಂಡು ನೆಟ್ಟಗೆ ದೋಣಿಯಲ್ಲಿ ಹೋಗಿ ಕೂತರು. ಹೊಳೆಯ ನಡುವೆ ಆರಾಮಾಗಿ ಊದಿ ಊದಿ ಕುಡಿಯುವುದನ್ನು ನಾವು ದಡದಲ್ಲಿ ನಿಂತು ನೋಡಿದೆವು. ಲೋಟ ಹೋಯಿತು ಎಂದು ಭಟ್ಟರು ತಲೆಗೆ ಕೈ ಇಟ್ಟರು.

ವಾರ ಕಳೆದು ಹೆಗ್ಡೆಯವರು ವಾಪಸು ಬಂದರು. ತೊಳೆದ ಲೋಟವನ್ನು ಭಟ್ಟರ ಮುಂದೆ ಇಟ್ಟು ಹೇಳಿದರು:

"ಸಕ್ರಿ ಒಂಚೂರ್ ಕಮ್ಮಿ ಆಯಿತ್ ಭಟ್ರೇ. ಅವತ್ತೇ ಹೇಳ್ವ ಅಂದ್ರೆ ನೀವ್ ಹೊಳಿ ಈಚಿ ಬದಿಯಂಗ್ ಇದ್ದಿರಿ."

ಆರಿಸಿದ ಕಾಫಿ

ಅದೇ ಹೆಗ್ಡೆಯವರನ್ನು ಕೆಲವು ವರ್ಷದ ಮೇಲೆ ಇಬ್ಬರು ಗಂಡುಮಕ್ಕಳು ಬಸ್ಸಿನಿಂದ ಎತ್ತಿ ಇಳಿಸಿದರು. ಎದೆನೋವು. ಆಚೆ ದಡದಿಂದ ಬಸ್ಸು ಹಿಡಿದು ದೊಡ್ಡಾಸ್ಪತ್ರೆಗೆ ಹೋಗಬೇಕು. ದೋಣಿ ಎಲ್ಲಿ? ನೀರಿಳಿತದ ಹೊತ್ತು, ಆಚೆ ದಡದ ಮರಳಿನಲ್ಲಿ ಕೂತುಬಿಟ್ಟಿತ್ತು. ದೋಣಿಯವ ಸೊಂಟದ ಮಟ್ಟದ ನೀರಿನಲ್ಲಿ ನಿಂತು ನೂಕುತ್ತಿರುವುದು ಕಾಣುತ್ತಿತ್ತು. ಮಕ್ಕಳು ಇಲ್ಲಿಂದ ಕೂಗುವುದು, ಅವ ಅಲ್ಲಿಂದ ಕೂಗುವುದು. ಇಷ್ಟು ವರ್ಷ ಬೇಡದಾಗ ಕೂಗುತ್ತಿದ್ದ ಬಾಯಿ, ಅವತ್ತು ಬೇಕಾದಾಗ ದೋಣಿ ಬಿಟ್ಟಿತು ಎಂದು ಕೂಗಲಿಲ್ಲ.

ಹೆಗ್ಡೆಯವರನ್ನು ಗೋಡೆಗೆ ಒರಗಿಸಿ ಬೆಂಚಿನ ಮೇಲೆ ಕೂರಿಸಿದ್ದೆವು. ಅವರು ಕಣ್ಣು ಬಿಟ್ಟು ಮೆಲ್ಲಗೆ ಹೇಳಿದರು:

"ಭಟ್ರೇ, ಇವತ್ತ್ ಒಂದಿನ ಕಾಫಿ ಆರ್ಸಿ ಕೊಡಿ ಕಾಂಬ."

ಭಟ್ಟರು ತಾವೇ ಕಾಫಿ ತಂದರು. ಎರಡು ಲೋಟ ಹಿಡಿದು, ಎತ್ತರದಿಂದ ಹೊಯ್ದು ಹೊಯ್ದು ಆರಿಸಿದರು. ಆ ಹೋಟೆಲಿನಲ್ಲಿ ಕಾಫಿ ಆರಿಸಿದ್ದು ಅದೇ ಮೊದಲು. ಬೆರಳಿಟ್ಟು ನೋಡಿ, ಇನ್ನೂ ಬಿಸಿ ಎಂದು ಮತ್ತೆ ಹೊಯ್ದರು. ಕೊನೆಗೆ ಲೋಟವನ್ನು ಬಾಯಿಯ ಹತ್ತಿರ ಹಿಡಿದಾಗ ಹೆಗ್ಡೆಯವರಿಗೆ ಅದು ಬೇಕಿರಲಿಲ್ಲ. ಪ್ರಾಣ ಹೋಗಿತ್ತು.

ಆಗಲೇ ದೋಣಿ ಬಂತು.

ಸಾವಾದ ಜಾಗದಲ್ಲಿ ಒಲೆ ಉರಿಯಬಾರದು, ಬೇಯಿಸಿದ್ದನ್ನು ಚೆಲ್ಲಬೇಕು. ಹೋಟೆಲು ತುಂಬಿತ್ತು. ಗಿರಾಕಿಗಳಲ್ಲಿ ತಲೆಯಿದ್ದವರೊಬ್ಬರು ಉಪಾಯ ಹೇಳಿದರು: "ಹೀಂಗೇ ಎತ್ತಿ ದೋಣಿಯಂಗ್ ಕೂರ್ಸುವ. ಹೊಳಿ ಮಧ್ಯದಂಗ್ ಜೀವ ಹೋಯ್ತ್ ಅಂದ್ರೆ ಆಯ್ತ್."

ದೋಣಿಯವ ಹರಿಹಾಯ್ದ. "ಎಂತಕ್? ಮತ್ ನನ್ನ್ ದೋಣಿ ಯಾರ್ ಹತ್ತುದ್? ಅವ್ರ್ ಸತ್ತದ್ದ್ ನಿಮ್ಮ್ ಬೆಂಚಿನ್ ಮೇಲೆ!"

ಹೆಗ್ಡೆಯವರು ಬೆಂಚಿನ ಮೇಲೆ ನೆಟ್ಟಗೆ ಕೂತಂತೆಯೇ ಇದ್ದರು, ಎದುರಿಗೆ ಆರಿದ ಕಾಫಿ. ಅವರು ಎಲ್ಲಿ ಸತ್ತರು ಎಂದು ಸುತ್ತ ನಿಂತವರ ಜಗಳ. ಮಕ್ಕಳಿಬ್ಬರು ನೆಲ ನೋಡುತ್ತಿದ್ದರು. ನನಗೆ ಹೇಸಿಗೆಯಾಯಿತು, ನಮ್ಮೆಲ್ಲರ ಮೇಲೆ.

ಭಟ್ಟರು ಹಂಡೆಯಿಂದ ಕೊಡ ತುಂಬ ನೀರು ಎತ್ತಿ ಒಲೆಗೆ ಸುರಿದರು. ಹೊಗೆ, ಬೂದಿ ಎಲ್ಲ ಮೇಲೆದ್ದಿತು. "ಇವ್ರ್ ನನ್ನ್ ಹೋಟ್ಲಂಗ್ ಕಾಫಿ ಕುಡುಕ್ ಬಂದವ್ರ್. ಇಲ್ಲೇ ಹೋಯಿರ್" ಎಂದರು. ಎಲ್ಲರ ಬಾಯಿ ಮುಚ್ಚಿತು. ಒಬ್ಬಿಬ್ಬರು ಕಣ್ಣೊರೆಸಿಕೊಂಡರು.

ಆ ಮೌನದಲ್ಲಿ ಮೂಲೆಯ ಬೆಂಚಿನಿಂದ ಒಬ್ಬ ಗಿರಾಕಿ ಬಹಳ ವಿನಯದಿಂದ ಕೇಳಿದ:

"ಒಲಿ ಆರ್ಸಿದ್ದ್ ಸರಿಯೇ ಭಟ್ರೇ. ಆರೆ ಕಾವ್ಲಿ ಮೇಲಿನ್ ದೋಸಿ ಅದ್ಕಿಂತ್ ಮುಂಚೆಯೇ ಬೆಂದಿತ್ತಲ್ದಾ?"

ಎಂಜಿನಿಯರರ ನಿದ್ದೆ

ಆ ಸಾವಿನ ಬಳಿಕ ಊರವರು ಸೇತುವೆ ಬೇಕು ಎಂದು ಹಟ ಹಿಡಿದರು. ಹಿಡಿದ ಹಟ ಫಲ ಕೊಡಲು ವರ್ಷಗಳೇ ಬೇಕಾದವು. ಕೊನೆಗೂ ಘಟ್ಟದ ಮೇಲಿನಿಂದ ಒಬ್ಬರು ಎಂಜಿನಿಯರರು ಬಂದರು, ಹೊಳೆಯಲ್ಲಿ ಕಂಬ ಏಳತೊಡಗಿತು. ಅವರಿಗೆ ಮೂರು ಹೊತ್ತೂ ಊಟ ನಮ್ಮಲ್ಲೇ, ಬೇರೆ ಹೋಟೆಲು ಎಲ್ಲಿತ್ತು?

ಭಟ್ಟರ ಸಂಕಟ ನೋಡಲಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮೊದಲು ದಡಕ್ಕೆ ಹೋಗಿ ಕಂಬ ಎಷ್ಟು ಬೆಳೆಯಿತು ಎಂದು ನೋಡಿ ಬರುತ್ತಿದ್ದರು. ಸೇತುವೆಯಾದರೆ ಬಸ್ಸು ನಿಲ್ಲುವುದಿಲ್ಲ. ಬಸ್ಸು ನಿಲ್ಲದಿದ್ದರೆ ಹೋಟೆಲಿಲ್ಲ. ಒಂದು ದಿನ ನನ್ನ ಹತ್ತಿರ ಬಾಯಿಬಿಟ್ಟರು:

"ಸೇತ್ವಿ ಬೇಕ್ ಮರಾಯ. ಆ ಹೆಗ್ಡೇರ್ ಮುಖ ಕಣ್ಣೆದ್ರ್ ಬತ್ತ್. ಆರೆ ಈ ವಯಸ್ಸಂಗ್ ನಾನ್ ಎಲ್ ಹೋಯ್ಕ್?"

ನನ್ನ ಗತಿಯೂ ಅದೇ.

ಸೇತುವೆ ನಿಲ್ಲಿಸುವ ಶಕ್ತಿ ಇಲ್ಲದ ಭಟ್ಟರು ಅದನ್ನು ತಡಮಾಡುವ ದಾರಿ ಹುಡುಕಿದರು. ಅವರ ಕೈಯಲ್ಲಿದ್ದದ್ದು ಸೌಟು ಒಂದೇ. ಮಧ್ಯಾಹ್ನ ಎಂಜಿನಿಯರರಿಗೆ ಕುಚ್ಚಲಕ್ಕಿ ಅನ್ನ, ಹಲಸಿನ ಬೀಜದ ಹುಳಿ, ತೆಂಗಿನಕಾಯಿಯಲ್ಲಿ ಮುಳುಗಿದ ಪಲ್ಯ, ಮೇಲೆ ಪತ್ರೊಡೆ, ಗಟ್ಟಿ ಮಜ್ಜಿಗೆ. "ಇನ್ನೊಂಚೂರ್ ಸ್ವಾಮಿ, ನಾಚ್ಕಿ ಮಾಡ್ಬೇಡಿ" ಎಂದು, ಅವರು ಕೈ ಅಡ್ಡ ಹಿಡಿದರೂ ಬಡಿಸುತ್ತಿದ್ದರು. ಎಂಜಿನಿಯರರು ಕೈ ತೊಳೆದು ಬೆಂಚಿಗೆ ಒರಗಿದರೆ ಸಂಜೆಯ ಬಸ್ಸು ಬರುವ ತನಕ ಏಳುತ್ತಿರಲಿಲ್ಲ. ಭಟ್ಟರು ಪಕ್ಕದಲ್ಲಿ ಕೂತು ನೊಣ ಓಡಿಸುತ್ತಿದ್ದರು, ಎಚ್ಚರವಾಗದಿರಲಿ ಎಂದು.

ಒಂದು ಮಳೆಗಾಲ ಕಳೆದು ನೋಡಿದರೆ ಕಂಬಗಳೆಲ್ಲ ಎದ್ದು ನಿಂತಿವೆ. ಭಟ್ಟರಿಗೆ ಅರ್ಥವಾಗಲಿಲ್ಲ. ಕೆಲಸದ ಮೇಸ್ತ್ರಿ ಚಾ ಕುಡಿಯಲು ಬಂದಾಗ ಇಷ್ಟು ಬೇಗ ಹೇಗಾಯಿತು ಎಂದು ಕೇಳಿದರು.

ಮೇಸ್ತ್ರಿ ಕೈ ಮುಗಿದ. "ಎಲ್ಲ ನಿಮ್ಮ್ ಉಪಕಾರ ಭಟ್ರೇ. ಆ ಮನ್ಷ ಎಚ್ರ ಇದ್ರೆ ಬೆಳಿಗ್ಗೆ ಕಟ್ಸಿದ್ದನ್ನ್ ಮಧ್ಯಾಹ್ನ ಒಡ್ಸುದ್. ನೀವ್ ಮಲ್ಗ್ಸಿದ್ ಮೇಲೆ ಕೆಲ್ಸ ಓಡಿತ್ ಕಾಣಿ!"

ಮರ್ಯಾದೆಯ ಊಟ

ಸೇತುವೆ ಆಯಿತು. ತೆರೆಯುವ ದಿನ ಅಧಿಕಾರಿಗಳಿಗೂ ಊರ ದೊಡ್ಡವರಿಗೂ ಊಟ. ಅಡುಗೆ ಭಟ್ಟರದ್ದೇ ಆಗಬೇಕು ಎಂದು ಎಂಜಿನಿಯರರು ಹಟ ಹಿಡಿದರು. ಬೇಡ ಎನ್ನುತ್ತಾರೆಂದು ನಾನು ಎಣಿಸಿದ್ದೆ. ಭಟ್ಟರು "ಆಯ್ತ್ ಸ್ವಾಮಿ, ಮರ್ಯಾದಿಯಂಗ್ ಕಳ್ಸಿ ಕೊಡುವ" ಎಂದರು. ಯಾರನ್ನು ಕಳಿಸಿಕೊಡುವುದು ಎಂದು ಯಾರೂ ಕೇಳಲಿಲ್ಲ.

ನಸುಕಿನಲ್ಲಿ ಅಡುಗೆಗೆ ನಿಂತ ಮೇಲೆ ನನಗೆ ಅನುಮಾನ ಬಂತು. ಇಂಗಿನ ಡಬ್ಬಿಯನ್ನು ಮೇಲಿಟ್ಟರು. ಒಣಮೆಣಸು ಬೇಡ ಎಂದರು, ಖಾರಕ್ಕೆ ಕಾಳುಮೆಣಸು. ಬಾಳೆಕಾಯಿ ಪಲ್ಯ, ಹಾಗಲಕಾಯಿ, ಉದ್ದಿನ ವಡೆ, ಹೆಸರುಬೇಳೆ ಪಾಯಸ. ಎಳ್ಳುಂಡೆ ಕಟ್ಟಲು ಕೂತಾಗ ನಾನು ಉಂಡೆ ಕೆಳಗಿಟ್ಟೆ. ನಮ್ಮ ಕಡೆಯಲ್ಲಿ ಹೀಗೆ ಅಡುಗೆ ಮಾಡುವುದು ಸತ್ತವರ ಹೆಸರಲ್ಲಿ, ಬೊಜ್ಜದ ಊಟಕ್ಕೆ.

"ಭಟ್ರೇ, ಎಂತ ಮಾಡ್ತಿದ್ರಿ ನೀವ್?"

"ಹೋಟ್ಲ್ ಇವತ್ತ್ ಸಾಯುದಲ್ದಾ? ಅದ್ಕ್ ಮಕ್ಳಿಲ್ಲೆ. ನಾವಲ್ದೆ ಯಾರ್ ಮಾಡ್ಕ್?" ಎಂದು ಅವರು ವಡೆ ತಟ್ಟಿದರು.

ಚಪ್ಪರದಡಿ ಎಲೆ ಹಾಕಿ ಬಡಿಸಿದೆವು. ಊರ ದೊಡ್ಡವರು ಎಳ್ಳುಂಡೆ ನೋಡಿದ್ದೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧಿಕಾರಿಗಳ ಪಂಕ್ತಿಯಿಂದ ಎದ್ದುಹೋಗುವುದು ಹೇಗೆ? ತಲೆ ಬಗ್ಗಿಸಿ ಉಂಡರು. ಅಂದಿನ ಕಾಲದ ಕ್ರಮದಂತೆ ದೋಣಿಯವನಿಗೆ ಚಪ್ಪರದ ಹೊರಗೆ ಎಲೆ. ಭಟ್ಟರು ಅವನಿಗೆ ತಾವೇ ಬಡಿಸಲು ಹೋದರು. ಅವ ಎಲೆ ನೋಡಿ ಮೆಲ್ಲಗೆ ಕೇಳಿದ:

"ಯಾರದ್ ಭಟ್ರೇ ಇದ್?"

"ನಿಂದೂ ನಂದೂ. ಸಮಾ ಉಣ್ಣ್."

ಅವ ಒಂದಿಷ್ಟೂ ಬಿಡದೆ ಉಂಡ, ಕಣ್ಣಲ್ಲಿ ನೀರು ಸುರಿಸಿಕೊಂಡೇ ಉಂಡ. ನಾನು ಪಾಯಸದ ಪಾತ್ರೆ ಹಿಡಿದು ಆಚೆ ತಿರುಗಿ ನಿಂತೆ.

ಘಟ್ಟದ ಮೇಲಿನ ಎಂಜಿನಿಯರರ ಮನೆತನದಲ್ಲಿ ಇಂಥ ಅಡುಗೆಯ ಪದ್ಧತಿ ಇಲ್ಲವಂತೆ. ಅವರು ಮೂರು ಸಲ ಎಳ್ಳುಂಡೆ ಹಾಕಿಸಿಕೊಂಡರು. ಬೊಜ್ಜದ ಊಟ ಉಂಡವರು ಬರ್ತೇವೆ ಎನ್ನಬಾರದು, ಸುಮ್ಮನೆ ಎದ್ದು ಹೋಗಬೇಕು. ನಮ್ಮೂರಿನವರು ಹಾಗೇ ಕೈ ತೊಳೆದು ಸದ್ದಿಲ್ಲದೆ ಜಾರಿದರು. ಎಂಜಿನಿಯರರು, "ಎಂಥಾ ಶಿಸ್ತಿನ ಜನ ರೀ!" ಎಂದು ಮೆಚ್ಚಿಕೊಂಡರು. ಭಟ್ಟರ ಕೈ ಹಿಡಿದು, "ಇದೇ ಅಡುಗೆ ನನ್ನ ಮಗಳ ಮದುವೆಗೂ ಆಗಬೇಕು. ನೀವೇ ಬರಬೇಕು" ಎಂದರು.

ಮರುದಿನ ಬಸ್ಸುಗಳು ನಿಲ್ಲದೆ ಹೋದವು. ಎಮ್ಮೆ ಹಗ್ಗ ಜಗ್ಗಿ ಜಗ್ಗಿ ಸುಮ್ಮನಾಯಿತು. ಭಟ್ಟರು ಬಾಗಿಲು ಹಾಕಿ ಸೌಟು ಹೆಗಲಿಗೇರಿಸಿದರು, ಮತ್ತೆ ಊರೂರು ಅಲೆಯುವ ಅಡುಗೆ. ನಾನು ಅವರ ಹಿಂದೆ.

ಮದುವೆಗೆ ನಿಜವಾಗಿಯೂ ಕರೆ ಬಂತು. ಘಟ್ಟ ಹತ್ತಿ ಹೋದೆವು. ಭಟ್ಟರು ಜೀವಮಾನದ ವಿದ್ಯೆಯನ್ನೆಲ್ಲ ಒಲೆಗೆ ಸುರಿದು ಮದುವೆಯ ಅಡುಗೆ ಮಾಡಿದರು. ಹೋಳಿಗೆ, ಚಿತ್ರಾನ್ನ, ಇಂಗು ಘಮಘಮಿಸುವ ಸಾರು. ಬೀಗರು ತಲೆದೂಗಿದರು. ಎಂಜಿನಿಯರರು ಮಾತ್ರ ಎಲೆಯ ಮುಂದೆ ಮುಖ ಸಪ್ಪೆ ಮಾಡಿ ಕೂತಿದ್ದರು.

"ಯಾಕೋ ಭಟ್ರೇ, ಸೇತುವೆ ದಿನದ ಆ ರುಚಿ ಬರಲಿಲ್ಲ."

ಭಟ್ಟರು ಹೋಳಿಗೆಗೆ ತುಪ್ಪ ಬಡಿಸುತ್ತಾ ತಗ್ಗಿದ ದನಿಯಲ್ಲಿ ಹೇಳಿದರು:

"ಆ ರುಚಿ ಬಪ್ಕೆ ಯಾರಾದ್ರೂ ಸಾಯ್ಕ್ ಸ್ವಾಮಿ."